ಡೆಲ್ಬರ್ಟ್ ತೋಟೆ ತೊಳೆದದ್ದು

ಗಂಡ ಹೆಂಡತಿ ಜಗಳ ಎಲ್ಲ ಊರಲ್ಲೂ ಇದೆ. ಅದನ್ನು ಬರೆಯಲು ನಾನು ಕಾಗದ ಹಾಳು ಮಾಡುವವನಲ್ಲ. ಆದರೆ ವರ್ಷವಿಡೀ ಜಗಳವನ್ನು ಬಾಕಿ ಉಳಿಸಿಕೊಂಡು, ಸೆಪ್ಟೆಂಬರಿನಲ್ಲಿ ಊರೆಲ್ಲ ನೋಡುತ್ತಿರುವಾಗ ಕೋವಿ ಹಿಡಿದು ಕುಳಿತು, ಮುನ್ನೂರು ಗಜ ದೂರದ ಕಾಗದದ ಮೇಲೆ ಅದನ್ನು ತೀರಿಸಿಕೊಂಡು, ಆಮೇಲೆ ಒಂದೇ ಪಿಕಪ್ಪಿನಲ್ಲಿ ಮನೆಗೆ ಹೋಗುವ ಜೋಡಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೊಂಟಾನಾದ ಡ್ರೈ ಫೋರ್ಕ್ ಊರಿನ ಡೆಲ್ಬರ್ಟ್ ಹೌಗೆನ್ ಮತ್ತು ಅವನ ಹೆಂಡತಿ ಆರ್ಲಿಸ್ ಅಂಥವರು. ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಗೋಡೆಯ ವಿಷಯ. ಊರಿನಲ್ಲಿ ಲವೋನ್ ಎಂಬಾಕೆಯ ಕಾಫಿ ಹೋಟೆಲಿದೆ. ಊರಿನ ಕೋವಿ ಕ್ಲಬ್ಬು ನಡೆಸುವವಳೂ ಅವಳೇ. ಗುರಿ ಪಂದ್ಯದಲ್ಲಿ ಗೆದ್ದವರ ಕಾಗದವನ್ನು ಅವಳು ಹೋಟೆಲಿನ ಕಿಟಕಿ ಪಕ್ಕದ ಮೇಜಿನ ಮೇಲ್ಗಡೆ ಗೋಡೆಗೆ ತೂಗುಹಾಕುತ್ತಾಳೆ. ಮುಂದಿನ ಪಂದ್ಯದವರೆಗೆ ಅದು ಅಲ್ಲೇ. ಕಪ್ಪಿಲ್ಲ, ಪದಕವಿಲ್ಲ. ಬಹುಮಾನವೆಂದರೆ ಆ ಗೋಡೆ.

ಡೆಲ್ ದಿನಾ ಬೆಳಿಗ್ಗೆ ಕಾಫಿ ಕುಡಿಯುವುದು ಅದೇ ಮೇಜಿನಲ್ಲಿ. ಅವನ ತಲೆಯ ಮೇಲೆ ವರ್ಷಾನುಗಟ್ಟಲೆಯಿಂದ ನೇತಾಡುತ್ತಿರುವುದು ಹೆಂಡತಿಯ ಕಾಗದ! ಐದು ತೂತು. ಒಂದು ಬಿಸ್ಕತ್ತು ಇಟ್ಟರೆ ಐದೂ ಮುಚ್ಚಿಹೋಗುತ್ತವೆ.

"ಮೇಲೆ ನೋಡ್ಬೇಡ ಡೆಲ್, ಕಾಫಿ ಚೆಲ್ಲುತ್ತೆ," ಎಂದು ಲವೋನ್ ದಿನಾ ಹೇಳುತ್ತಾಳೆ. ದಿನಾ ಅವನು ನೋಡುತ್ತಾನೆ. ದಿನಾ ಚೆಲ್ಲುತ್ತದೆ.

ಈ ಸಲ ಬೇಸಿಗೆಯಲ್ಲಿ ಡೆಲ್ ಕಪ್ಪನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತ.

"ಲವೋನ್, ಹೊಸ ಮೊಳೆ ತಂದಿಡು. ಈ ವರ್ಷ ಈ ಗೋಡೆ ಮೇಲೆ ಬರೋದು ನನ್ನ ಕಾಗದ!"

"ಹಳೇ ಮೊಳೇನೇ ಸಾಕು ಬಿಡು. ಅದಕ್ಕೆ ಆರ್ಲಿಸ್ ಅಭ್ಯಾಸ ಆಗ್ಬಿಟ್ಟಿದೆ."

ಮನೆಗೆ ಬಂದವನೇ ನೆಲಮಾಳಿಗೆಗೆ ಇಳಿದು ಸಂಶೋಧನೆ ಶುರು ಮಾಡಿದ. ಇಬ್ಬರ ಕೋವಿಯೂ ಒಂದೇ ಜಾತಿ. ಮದ್ದೂ ಒಂದೇ, ಗುಂಡೂ ಒಂದೇ. ಈ ಊರಿನವರು ಹೊಡೆದ ತೋಟೆಯ ಹಿತ್ತಾಳೆ ಚಿಪ್ಪನ್ನು ಎಸೆಯುವುದಿಲ್ಲ. ಆಯ್ದು ತಂದು, ಹೊಸದಾಗಿ ಮದ್ದು ಗುಂಡು ತುಂಬಿ ಮತ್ತೆ ಹೊಡೆಯುತ್ತಾರೆ. ಡೆಲ್ ತನ್ನ ಚಿಪ್ಪುಗಳನ್ನು ಜೋಳದ ದಿಂಡಿನ ಪುಡಿಯಲ್ಲಿ ಹಾಕಿ ಕುಲುಕಿ ಒರೆಸುತ್ತಿದ್ದ. ಆರ್ಲಿಸಳದು? ಹೊರಗಡೆ ಹಳೇ ಬನಿಯನ್ನಿನ ಚಿಂದಿಯಿಂದ ಎರಡು ಸಲ ಒರೆಸಿದರೆ ಮುಗಿಯಿತು. ಒಳಗೆಲ್ಲ ಒಲೆಯ ಚಿಮಣಿಯ ಹಾಗೆ ಮಸಿ!

ಯಾವನೇ ಆದರೂ ಇದರಿಂದ ಏನು ತಿಳಿದುಕೊಳ್ಳಬೇಕು? ಮಸಿ ತೋಟೆ ಗೆಲ್ಲುತ್ತದೆ ಎಂದು. ಆದರೆ ಡೆಲ್ ದೊಡ್ಡ ತಲೆಯವನು. ಅವನಿಗೆ ಹೊಳೆದದ್ದೇ ಬೇರೆ.

"ಇಷ್ಟು ಕೊಳಕು ಇಟ್ಕೊಂಡೇ ಇವಳು ಗೆಲ್ತಾಳೆ ಅಂದ್ರೆ, ಪೂರ್ತಿ ಶುಭ್ರವಾದ ತೋಟೆ ಏನು ಮಾಡಬೇಡ!"

ಮಾರನೇ ವಾರ ಮನೆಗೆ ಒಂದು ಪೆಟ್ಟಿಗೆ ಬಂತು. ಅಲ್ಟ್ರಾಸಾನಿಕ್ ಯಂತ್ರ. ಕನ್ನಡಕದ ಅಂಗಡಿಯವರು ಇಟ್ಟುಕೊಂಡಿರುತ್ತಾರಲ್ಲ, ಕಿವಿಗೆ ಕೇಳಿಸದ ಸದ್ದಿನಿಂದ ನೀರನ್ನು ನಡುಗಿಸಿ ಸಂದುಗೊಂದಿನ ಕೊಳೆಯನ್ನೆಲ್ಲ ಕೀಳುವ ಡಬ್ಬಿ, ಅದೇ. ಇದು ಮಾತ್ರ ಹಂದಿಮರಿಗೆ ಸ್ನಾನ ಮಾಡಿಸುವಷ್ಟು ದೊಡ್ಡದು. ಕಿವಿಗೆ ಕೇಳಿಸುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಬರೆದವನು ಬಹುಶಃ ಕಿವುಡ. ಗುಂಡಿ ಒತ್ತಿದ್ದೇ ತಡ, ಮನೆಯ ನಾಯಿ ಎದ್ದು ನಿಂತು, ಬಾಗಿಲು ತಳ್ಳಿಕೊಂಡು, ಪಕ್ಕದ ಮನೆ ವೆಂಡೆಲ್ಲನ ಜಗುಲಿಗೆ ಬಿಡಾರ ಬದಲಾಯಿಸಿತು.

"ಅಲ್ಲಿ ಕೆಳಗೆ ಏನೋ ಅದು? ಸೊಳ್ಳೆ ಸಾಕ್ತಿದ್ದೀಯಾ?" ಮೇಲಿನಿಂದ ಆರ್ಲಿಸ್ ಕೂಗಿದಳು.

"ವಿಜ್ಞಾನ ಕಣೇ!"

"ನಿನ್ನ ವಿಜ್ಞಾನಕ್ಕೆ ನನ್ನ ನಿಂಬೆಹುಳಿ ಪುಡಿ ಯಾಕೆ ಬೇಕಾಯ್ತು? ಟೊಮೆಟೊ ಬಾಟ್ಲಿಗೆ ಹಾಕೋಕೆ ಅಂತ ಇಟ್ಟಿದ್ದೆ. ಡಬ್ಬ ಖಾಲಿ!"

ನೀರಿಗೆ ಒಂದು ಚಮಚ ಹಾಕಿ, ಸ್ವಲ್ಪ ಹೊತ್ತು ಬಿಡಿ ಎಂದು ಯಂತ್ರದ ಜೊತೆ ಬಂದ ಚೀಟಿಯಲ್ಲಿತ್ತು. ಡೆಲ್ಬರ್ಟ್ ಹೌಗೆನ್ ಚೀಟಿ ಓದುವ ಪೈಕಿಯೇ! ಹಿಡಿ ಹಿಡಿ ಸುರಿದ. ಯಂತ್ರ ಹಾಕಿ ಊಟಕ್ಕೆ ಹೋದ. ಊಟ ಮಾಡಿ ಮಲಗಿದ. ಎದ್ದು ಬಂದು ತೆಗೆದು ನೋಡಿದರೆ ಹಿತ್ತಾಳೆಯೆಲ್ಲ ಗುಲಾಬಿ ಬಣ್ಣ!

ಆರ್ಲಿಸ್ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಚೆನ್ನಾಗಿದೆ. ಹೆಣ್ಣುಮಗು ನಾಮಕರಣಕ್ಕೆ ಕೊಡಬಹುದು."

"ಅದು ಒಂಥರಾ ಚಿನ್ನದ ಬಣ್ಣ..."

"ಅದು ಹಿತ್ತಾಳೆಯೊಳಗಿನ ಸತು ಕರಗಿ ಹೋಗಿರೋ ಬಣ್ಣ ಕಣೋ. ಇದಕ್ಕೆ ಮದ್ದು ತುಂಬಿ ನಿನ್ನ ಮೂತಿ ಮುಂದೆ ಹಿಡಿದ್ರೆ ಒಡೆದು ಸಿಡಿಯುತ್ತೆ, ನಾನು ವಿಧವೆಯರ ಸಂಘಕ್ಕೆ ಸೇರ್ಬೇಕಾಗುತ್ತೆ." ಇಷ್ಟು ಹೇಳಿ ಅವಳು ಬುಟ್ಟಿಸಮೇತ ಒಯ್ದು ಗುಜರಿ ಡ್ರಮ್ಮಿಗೆ ಸುರಿದಳು.

ಎರಡನೇ ಕಂತು ಹೊಸ ಪುಡಿ ತಂದು ಚಮಚ ಅಳತೆಯಲ್ಲೇ ಆಯಿತು. ಅದು ಮಾತ್ರ, ಹೇಳಲೇಬೇಕು, ಕಣ್ಣು ಕುಕ್ಕುವ ಹಾಗೆ ಬಂತು. ಹೊರಗೆ ಹೊಳಪು, ಒಳಗೆ ಹೊಳಪು, ಗುಂಡು ಕೂರುವ ಕತ್ತಿನೊಳಗೂ ಹೊಳಪು. ಡೆಲ್ ಒಂದು ಚಿಪ್ಪನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸಿ ಬಂದ. ಅಂಚೆ ಕಚೇರಿಯಲ್ಲಿ ತೋರಿಸಿದ. ಗೋಧಿ ಗೋದಾಮಿನಲ್ಲಿ ತೋರಿಸಿದ. ಚರ್ಚಿನಲ್ಲಿ ಪ್ರಾರ್ಥನೆ ನಡುವೆ ಪಕ್ಕದವನಿಗೆ ತೋರಿಸಿದ.

ಇಲ್ಲಿಗೆ ನಿಲ್ಲಿಸಿದ್ದರೆ ಅವನು ಡೆಲ್ಬರ್ಟ್ ಆಗುತ್ತಿರಲಿಲ್ಲ. ವೆಂಡೆಲ್ ತನ್ನ ಪಿಸ್ತೂಲನ್ನೂ ತೊಳೆದುಕೊಡು ಎಂದು ತಂದುಕೊಟ್ಟ. ಅದರ ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊನೆಗೆ ಕೆಂಪು ಚುಕ್ಕೆ ಬಳಿದಿತ್ತು. ಮುದಿಗಣ್ಣಿಗೆ ಕಾಣಲಿ ಎಂದು ವೆಂಡೆಲ್ಲೇ ಹೆಂಡತಿಯ ಉಗುರುಬಣ್ಣ ಕದ್ದು ಹಚ್ಚಿದ್ದ. ಪಿಸ್ತೂಲು ಮಿರಮಿರ ಮಿಂಚುತ್ತ ಆಚೆ ಬಂತು. ಚುಕ್ಕೆ ನೀರಿನಲ್ಲೇ ಉಳಿಯಿತು.

"ನನ್ನ ಚುಕ್ಕೆ ಎಲ್ಲೋ?"

"ಅದು ಕೊಳೆ ಲೆಕ್ಕಕ್ಕೆ ಹೋಯ್ತು ವೆಂಡೆಲ್."

"ಕೊಳೆಯಾ! ಅದಿಲ್ದೆ ನಾನು ಯಾವ ಕಡೆ ಹೊಡೀಲಿ?"

"ಶುಭ್ರವಾದ ಕಡೆ!"

ವೆಂಡೆಲ್ ಪಿಸ್ತೂಲು ಕಿತ್ತುಕೊಂಡು ಹೋದ. ನಾಯಿಯನ್ನೂ ವಾಪಸ್ಸು ಕೊಡಲಿಲ್ಲ.

ಪಂದ್ಯ ಹತ್ತಿರ ಬಂತು. ಡೆಲ್ ತನ್ನ ಕೋವಿಯ ಟ್ರಿಗರನ್ನೇ ಬಿಚ್ಚಿ, ಪುಟಾಣಿ ಕಬ್ಬಿಣದ ತುಂಡುಗಳನ್ನೆಲ್ಲ ಯಂತ್ರಕ್ಕೆ ಇಳಿಬಿಟ್ಟ. ತುಂಡುಗಳು ಹುಟ್ಟಿದ ದಿನದ ಹಾಗೆ ಬೆತ್ತಲೆಯಾಗಿ ಬಂದವು. ಒಂದು ಹನಿ ಎಣ್ಣೆ ಉಳಿದಿರಲಿಲ್ಲ. ಆರ್ಲಿಸಳ ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ.

"ಎಣ್ಣೆ ಹಚ್ಚೋದಿಲ್ವಾ?" ಅಂದಳು ಆರ್ಲಿಸ್.

"ಎಣ್ಣೆಗೆ ಧೂಳು ಅಂಟುತ್ತೆ! ಇನ್ಮೇಲೆ ಈ ನೆಲಮಾಳಿಗೇಲಿ ಎಣ್ಣೆಗೆ ಪ್ರವೇಶ ಇಲ್ಲ!"

ಬೆಳಿಗ್ಗೆ ನೋಡಿದರೆ ತುಂಡುಗಳಿಗೆಲ್ಲ ಕಿತ್ತಳೆ ಬಣ್ಣದ ತುಪ್ಪಳ. ತುಕ್ಕು! ಆದರೇನು, ಯಂತ್ರ ಇದೆಯಲ್ಲ. ಮತ್ತೆ ತೊಳೆದ. ಮಧ್ಯಾಹ್ನಕ್ಕೆ ಮತ್ತೆ ತುಕ್ಕು. ಮತ್ತೆ ತೊಳೆದ. ತೊಳೆದದ್ದಕ್ಕೆ ತುಕ್ಕು, ತುಕ್ಕಿಗಾಗಿ ತೊಳೆಯುವುದು! ಹೀಗೇ ಬಿಟ್ಟಿದ್ದರೆ ಟ್ರಿಗರು ಸವೆದು ಸೂಜಿಯಾಗುತ್ತಿತ್ತು. ಕಡೆಗೆ ಹೆಂಡತಿ ಅತ್ತ ತಿರುಗಿದಾಗ ಕದ್ದು ಎಣ್ಣೆ ಹಚ್ಚಿ ಜೋಡಿಸಿದ. ಮುಂಚೆ ಬೆಣ್ಣೆಯ ಹಾಗಿದ್ದ ಟ್ರಿಗರು ಈಗ ಮರಳು ಸಿಕ್ಕಿಕೊಂಡ ಬೀರುವಿನ ಬಾಗಿಲ ಹಾಗಿತ್ತು.

ಇನ್ನು ತೋಟೆ ತುಂಬುವ ಕೆಲಸ. ಚಿಪ್ಪಿಗೆ ಮದ್ದು ಹಾಕಿ, ಬಾಯಿಗೆ ಗುಂಡಿಟ್ಟು, ಅದನ್ನು ಒಳಕ್ಕೆ ಕೂರಿಸುವ ಪ್ರೆಸ್ಸಿನ ಹಿಡಿ ಒತ್ತಿದ. ಗುಂಡು ನಯವಾಗಿ ಜಾರಬೇಕು. ಇದು "ಕಿರ್ರ್" ಎಂದಿತು. ಇನ್ನೊಂದು ಒತ್ತಿದ. "ಕೀಂಯ್." ಮೂರನೆಯದಕ್ಕೆ ಎರಡೂ ಕೈ ಹಾಕಬೇಕಾಯಿತು. ನಾಲ್ಕನೆಯದು ಸುಮ್ಮನೆ ಹೋಯಿತು. ಒಂದರಂತೆ ಇನ್ನೊಂದಿಲ್ಲ.

"ಡೆಲ್, ನಿನ್ನ ತೋಟೆ ಅಳ್ತಿದೆ," ಆರ್ಲಿಸ್ ಮೆಟ್ಟಿಲ ಮೇಲೆ ನಿಂತಿದ್ದಳು.

"ಅದು ಶುಭ್ರತೆಯ ಸದ್ದು."

"ಕತ್ತಿನ ಒಳಗಡೆ ಮಸೀನೂ ತೆಗೆದ್ಯಾ?"

"ಒಂದು ಚೂರು ಬಿಟ್ಟಿಲ್ಲ! ಒಳಗೆ ಇಣುಕಿದ್ರೆ ಮುಖ ಕ್ಷೌರ ಮಾಡ್ಕೋಬಹುದು."

ಆರ್ಲಿಸ್ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮುಚ್ಚಿದಳು.

"ಏನು? ಹೇಳು."

"ಏನಿಲ್ಲಪ್ಪ. ಲವೋನ್ ಹೋಟ್ಲಲ್ಲಿ ನನ್ನ ಕಾಗದಕ್ಕೆ ಧೂಳು ಹಿಡಿದಿತ್ತು. ಹೊಸದು ಹಾಕಿದ್ರೆ ಚೆನ್ನಾಗಿ ಕಾಣುತ್ತೆ ಅಂತ ಯೋಚಿಸ್ತಿದ್ದೆ."

ಪಂದ್ಯದ ದಿನ ಬಿಸಿಲು ಚೆನ್ನಾಗಿತ್ತು. ಹೆಂಗಸರು ಉದ್ದನೆ ಮೇಜಿನ ಮೇಲೆ ಮಾಂಸ ತರಕಾರಿ ಬೇಯಿಸಿದ ಹಾಟ್‌ಡಿಷ್, ಆಲೂಗಡ್ಡೆ ರೊಟ್ಟಿಯಂಥ ಲೆಫ್ಸೆ, ಹುಳಿದಂಟಿನ ರೂಬಾರ್ಬ್ ಪೈ ಹರಡಿದ್ದರು. ಡೆಲ್ ತನ್ನ ತೋಟೆಗಳನ್ನು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ. ಬಿಸಿಲು ಅವುಗಳ ಮೇಲೆ ಬಿದ್ದು ಪಕ್ಕದ ಬೆಂಚಿನ ವೆಂಡೆಲ್ಲನ ಕಣ್ಣಿಗೆ ಹೊಡೆಯಿತು.

"ಟೋಪಿ ಮುಚ್ಚೋ ಅದಕ್ಕೆ! ಕಣ್ಣು ಹೋಗುತ್ತೆ."

"ಅಭ್ಯಾಸ ಮಾಡ್ಕೋ ವೆಂಡೆಲ್. ಇನ್ನು ಗೋಡೆ ಮೇಲೂ ಇದೇ ಹೊಳಪು!"

ಲವೋನ್ ದುರ್ಬೀನಿಗೆ ಕಣ್ಣಿಟ್ಟು ಕುಳಿತಳು. ಡೆಲ್ ಉಸಿರು ಹಿಡಿದ. ಟ್ರಿಗರು ಎಳೆದ. ಏನೂ ಆಗಲಿಲ್ಲ. ಇನ್ನಷ್ಟು ಎಳೆದ. ಆಗಲಿಲ್ಲ. ಸಾಕಾಗಿ ಉಸಿರು ಬಿಟ್ಟ. ಢಂ!

"ಎಡಕ್ಕೆ, ಮೇಲೆ," ಅಂದಳು ಲವೋನ್.

ಢಂ!

"ಬಲಕ್ಕೆ, ಕೆಳಗೆ."

ಢಂ!

"ಡೆಲ್, ಇನ್ನೊಂದು ಮೂಲೆ ಖಾಲಿ ಇದೆ ಅಂತ ಬೇಜಾರಾ?"

ಢಂ! ಆ ಮೂಲೆಯೂ ತುಂಬಿತು. ಕೊನೆಯ ಗುಂಡಿಗೆ ಡೆಲ್ ಕಣ್ಣು ಮುಚ್ಚಿ ದೇವರನ್ನು ನೆನೆದ. ಟ್ರಿಗರು ಕಚ್ಚಿಕೊಂಡಿತು. ಅವನು ಜಗ್ಗಿದ. ಢಂ!

ಲವೋನ್ ಬಹಳ ಹೊತ್ತು ದುರ್ಬೀನು ಆ ಕಡೆ ಈ ಕಡೆ ತಿರುಗಿಸಿದಳು.

"ಕಾಣ್ತಿಲ್ಲ ಡೆಲ್... ತಡಿ, ತಡಿ. ಸಿಕ್ತು. ವೆಂಡೆಲ್ ಕಾಗದದಲ್ಲಿದೆ. ನಟ್ಟನಡುವೆ!"

ವೆಂಡೆಲ್ ಎದ್ದು ಕುಣಿದ. ಅವನ ಸ್ವಂತ ಐದು ಗುಂಡಿನಲ್ಲಿ ಒಂದೂ ನಡುವಿನ ಹತ್ತಿರಕ್ಕೂ ಸುಳಿದಿರಲಿಲ್ಲ.

"ಅದು ನನ್ನದೇ ಅಂತ ಬರ್ಕೋ ಲವೋನ್!"

ಆರ್ಲಿಸ್ ಬಂದು ಕುಳಿತಳು. ಹಳೇ ಕೋಟಿನ ಜೇಬಿನಿಂದ ಐದು ಕರೀ ತೋಟೆ ತೆಗೆದಳು. ಐದು ಸಲ ಢಂ. ಎದ್ದು ಕೈ ಒರೆಸಿಕೊಂಡು ಪೈ ಇರುವ ಕಡೆ ನಡೆದಳು. ಕಾಗದ ತಂದು ನೋಡಿದರೆ ಅದೇ ಒಂದು ಬಿಸ್ಕತ್ತಿನಷ್ಟು ಜಾಗ. ಈ ಸಲ ಬಿಸ್ಕತ್ತೂ ಸ್ವಲ್ಪ ಸಣ್ಣದು.

ಡೆಲ್ ತಟ್ಟೆ ಹಿಡಿದು ಅವಳ ಪಕ್ಕ ಬಂದು ಕುಳಿತ.

"ಆರ್ಲಿಸ್, ನಿಜ ಹೇಳು. ಏನು ತಪ್ಪಾಯ್ತು?"

"ನಮ್ಮಜ್ಜಿ ಕಬ್ಬಿಣದ ಬಾಣಲೆ ಇದ್ಯಲ್ಲ, ಅದನ್ನ ಸೋಪು ಹಾಕಿ ಉಜ್ಜಿ ಬೆಳ್ಳಗೆ ಮಾಡ್ತೀಯಾ?"

"ಹುಚ್ಚಾ! ಮೊಟ್ಟೆಯೆಲ್ಲ ತಳ ಹಿಡಿಯುತ್ತೆ."

"ತೋಟೆ ಕತ್ತಿನೊಳಗಿನ ಮಸೀನೂ ಹಾಗೇ ಮಾರಾಯಾ. ಅದಿದ್ರೆ ಗುಂಡು ಎಲ್ಲದರಲ್ಲೂ ಒಂದೇ ಸಮ ಜಾರುತ್ತೆ. ನೀನು ಅದನ್ನ ಕೆರೆದು ತೆಗೆದೆ. ಒಂದು ಗುಂಡು ಕಚ್ಕೊಳ್ತು, ಇನ್ನೊಂದು ಓಡೋಯ್ತು. ಟ್ರಿಗರ್ ಕಥೆಯಂತೂ ನಾನು ಹೇಳಲ್ಲ, ಊರೇ ನೋಡ್ತು."

"ಇದನ್ನ ಮೊದಲೇ ಹೇಳಬಾರದಿತ್ತಾ? ಗಂಡ ಅಲ್ವಾ ನಾನು!"

"ಎಲ್ಕ್ ಜಿಂಕೆ ಬೇಟೆಗೆ ಹೊರಟಿದ್ರೆ ಹೇಳ್ತಿದ್ದೆ. ಊಟದ ವಿಷಯ ಅದು." ಆರ್ಲಿಸ್ ಪೈ ಚೂರನ್ನು ಬಾಯಿಗಿಟ್ಟುಕೊಂಡಳು. "ಇದು ಗೋಡೆ ವಿಷಯ."

ಸೋಮವಾರ ಬೆಳಿಗ್ಗೆ ಡೆಲ್ ಹೋಟೆಲಿಗೆ ಹೋಗಲೋ ಬೇಡವೋ ಎಂದು ಪಿಕಪ್ಪಿನಲ್ಲೇ ಕುಳಿತಿದ್ದ. ಕಾಫಿಯ ಚಟ ಗೆದ್ದಿತು. ಒಳಗೆ ಹೋದ. ತಲೆ ಎತ್ತಬಾರದು ಎಂದುಕೊಂಡೇ ಕಿಟಕಿ ಪಕ್ಕ ಕುಳಿತ. ಆದರೆ ಹೋಟೆಲಿನಲ್ಲಿ ಎಲ್ಲರೂ ಗೋಡೆ ನೋಡುತ್ತಿದ್ದಾರೆ. ತಡೆಯಲಾರದೆ ಎತ್ತಿದ.

ಮೇಲೆ ನೇತಾಡುತ್ತಿದ್ದದ್ದು ಅವನ ಕಾಗದ! ಒಂದೊಂದು ಮೂಲೆಗೆ ಒಂದೊಂದು ತೂತು. ಒಳ್ಳೆ ಮರದ ಚೌಕಟ್ಟು. ಕೆಳಗೆ ಆರ್ಲಿಸಳ ದುಂಡು ಅಕ್ಷರ: "ಶುಭ್ರವಾಗಿ ತೊಳೆದವರು, ಡೆಲ್ಬರ್ಟ್ ಹೌಗೆನ್."

"ಲವೋನ್! ಇದೇನಿದು? ಗೆದ್ದವರ ಕಾಗದ ತಾನೇ ಹಾಕೋದು?"

"ಗೋಡೆ ಗೆದ್ದವರದ್ದು ಡೆಲ್. ಅವಳ ಗೋಡೆ, ಅವಳಿಷ್ಟ. ನನ್ನ ಗಂಡ ಇಷ್ಟು ವರ್ಷದಿಂದ ಆಸೆ ಪಡ್ತಿದ್ದಾನೆ, ಈ ಸಲ ಅವನದ್ದೇ ಹಾಕು ಅಂದ್ಲು." ಲವೋನ್ ಕಣ್ಣೊರೆಸಿಕೊಂಡಳು. ಅಳುವಲ್ಲ. "ಎಂಥಾ ಹೆಂಡತಿ ಸಿಕ್ಕಿದ್ದಾಳೆ ಮಾರಾಯಾ ನಿನಗೆ!"

ಅಷ್ಟರಲ್ಲಿ ಆರ್ಲಿಸಳೇ ಬಂದು ಎದುರು ಕುಳಿತಳು.

"ತೆಗೆಸೇ ಅದನ್ನ," ಡೆಲ್ ಗೋಗರೆದ.

"ಮುಂದಿನ ವರ್ಷ ಗೆದ್ದು ನೀನೇ ತೆಗೆಸ್ಕೋ. ಈಗ ಕಾಫಿ ಕುಡಿ, ಆರ್ತಿದೆ."

ಅವನು ಕುಡಿದ. ಮೇಲೆ ನೋಡಿದ. ಚೆಲ್ಲಿದ.

ನೀವು ಆ ಕಡೆ ಹೋದರೆ ದಯವಿಟ್ಟು ಲವೋನಳ ಹೋಟೆಲಿಗೆ ಹೋಗಿ. ಬೆಳಿಗ್ಗೆ ಹೋದರೆ ಇಬ್ಬರೂ ಸಿಗುತ್ತಾರೆ, ಕಿಟಕಿ ಪಕ್ಕದ ಮೇಜು. ಮಾತಾಡಿಸಿ, ಒಳ್ಳೆಯ ಜನ. ತೋಟೆ ತೊಳೆಯುವುದು ಹೇಗೆ ಎಂದು ಕೇಳಿದರೆ ಡೆಲ್ ಈಗಲೂ ಎರಡು ಗಂಟೆ ಹೇಳುತ್ತಾನೆ, ಆರ್ಲಿಸ್ ಒಂದು ಮಾತೂ ಆಡದೆ ಕೇಳುತ್ತಾಳೆ. ಗೋಡೆಯ ಮೇಲೆ ನಾಲ್ಕೇ ತೂತು ಇದೆಯಲ್ಲ ಎಂದು ಮಾತ್ರ ಅವನನ್ನು ಕೇಳಬೇಡಿ. ಐದನೆಯದನ್ನು ನೋಡಬೇಕಾದರೆ ವೆಂಡೆಲ್ಲನ ಮನೆಗೂ ಹೋಗಿ ಬನ್ನಿ. ಅವನೂ ಚೌಕಟ್ಟು ಹಾಕಿಸಿದ್ದಾನೆ.