ಮಗಳ ಮೊದಲ ರೋಜಾ

ಗಟ್ಟಿ ಗುಂಡಿಗೆಯವರ ಮನೆಯಲ್ಲಿ ರಮ್ಜಾನ್ ತಿಂಗಳು ಸುಮ್ಮನೆ ಬಂದು ಹೋಗುತ್ತಿರಬೇಕು. ನನ್ನಂಥ ಪುಕ್ಕಲನ ಮನೆಯಲ್ಲಿ ಪ್ರತಿ ಸಲ ಏನಾದರೊಂದು ಆಗಿಯೇ ತೀರುತ್ತದೆ.

ವಿಜಯಪುರದ ಕಡೆಯ ನಾವು ವಡೋದರಾಕ್ಕೆ ವರ್ಗವಾಗಿ ಬಂದು ನಾಲ್ಕು ವರ್ಷ. ಈ ಸಲ ಈದ್‌ಗೆ ಮೂರೇ ದಿನ ಇರುವಾಗ ಒಂಬತ್ತು ವರ್ಷದ ಮಗಳು ತಾನೂ ಒಂದು ದಿನ ಉಪವಾಸ ಇರುತ್ತೇನೆಂದು ಹಟ ಹಿಡಿದಳು. "ಒಂದೂ ರೋಜಾ ಇಡದ ಹೊಸ ಅರಿವಿ ಹೆಂಗ ಹಾಕ್ಕೊಳ್ಳಲಿ, ಪಪ್ಪಾ?"

ಬೇಸಿಗೆಯ ಬಿಸಿಲು ಏರಿತ್ತು. ನಾನು ಬೇಡವೆಂದೆ. ಹೆಂಡತಿ, "ಇಡಲಿ ಬಿಡ್ರಿ" ಎಂದಳು. ಮಗಳು ಮರುದಿನ ನಸುಕಿನಲ್ಲಿ ನಮ್ಮ ಜೊತೆ ಉಂಡು, ಆಮೇಲೆ ಶಾಲೆಗೆ ಹೋದಳು. ನಾನು ಆಗಲೇ ಗಡಿಯಾರ ನೋಡತೊಡಗಿದ್ದೆ.

ಬಾಯಿ ಬಿಡದ ಮಗಳು

ಹನ್ನೊಂದೂವರೆಗೆ ಟೀಚರ್ ಫೋನ್. "ನಿಮ್ಮ ಮಗಳು ಬೆಳಿಗ್ಗೆಯಿಂದ ಮಾತೇ ಆಡ್ತಿಲ್ಲ. ಏನು ಕೇಳಿದರೂ ತಲೆ ಅಲ್ಲಾಡಿಸ್ತಾಳೆ."

ಆಫೀಸಿನಿಂದ ಸ್ಕೂಟರ್ ಓಡಿಸಿದೆ. ನನ್ನನ್ನು ನೋಡಿದ್ದೇ ಮಗಳು ನಲ್ಲಿಯ ಹತ್ತಿರ ಓಡಿ, ಬಾಯಿ ತುಂಬ ಇದ್ದ ಉಗುಳನ್ನು ಉಗಿದು ಬಂದಳು.

"ಉಗುಳು ನುಂಗಿದ್ರ ರೋಜಾ ಮುರೀತದಲ್ಲ, ಪಪ್ಪಾ?"

"ಯಾರು ಹೇಳಿದ್ರವ್ವಾ?"

"ಯಾರೂ ಇಲ್ಲ. ನಾನ ವಿಚಾರ ಮಾಡಿದೆ."

ಹಾಗೇನೂ ಇಲ್ಲ, ಧಾರಾಳವಾಗಿ ನುಂಗು ಎಂದೆ. ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ಇವತ್ತು ಸಂಜೆವರೆಗಾದರೂ ಇದನ್ನು ಅವಳಿಗೆ ಹೇಳದೆ ಇರಬಹುದಿತ್ತು. ಕ್ಲಾಸು ಇಷ್ಟು ಶಾಂತವಾಗಿ ಇದ್ದದ್ದು ಈ ವರ್ಷ ಇದೇ ಮೊದಲು."

ಕೆಳಗಿನ ಮನೆಯ ಬಾ

ನಮ್ಮ ಕ್ವಾರ್ಟರ್ಸಿನ ಕೆಳಗಿನ ಮನೆಯಲ್ಲಿ ಸಹೋದ್ಯೋಗಿಯ ತಾಯಿ ಇದ್ದಾರೆ. ಎಲ್ಲರೂ ಅವರನ್ನು ಗುಜರಾತಿಯಲ್ಲಿ 'ಬಾ', ಅಂದರೆ ಅಜ್ಜಿ, ಎಂದೇ ಕರೆಯುವುದು. ವಾರಕ್ಕೆರಡು ಉಪವಾಸ ಮಾಡುವವರು. ರೋಜಾದ ಸುದ್ದಿ ತಿಳಿದು, ನನ್ನ ಜೊತೆ ಶಾಲೆಯಿಂದ ಬಂದ ಮಗಳನ್ನು ಮೆಟ್ಟಿಲ ಮೇಲೆ ತಡೆದರು.

"ಸಾಬೂದಾಣಿ ಖಿಚಡಿ ಕೊಡಲೇನು? ಉಪವಾಸಕ್ಕೆ ನಡೆಯುತ್ತೆ."

"ನಡೆಯಲ್ಲ, ಬಾ."

"ಹಾಲು?"

"ಇಲ್ಲ."

"ನೀರಾದರೂ?"

"ಅದೂ ಇಲ್ಲ."

ಬಾ ಗಾಬರಿಯಾಗಿ ನನ್ನತ್ತ ನೋಡಿದರು. ನನಗೆ ಅವರಿಗಿಂತ ಹೆಚ್ಚು ಗಾಬರಿ. "ಇಷ್ಟು ಕಠಿಣ ಯಾಕಮ್ಮ?" ಎಂದು ಅವಳನ್ನೇ ಕೇಳಿದರು.

"ಹಸಿದವರ ಕಷ್ಟ ನಮಗೂ ತಿಳೀಲಿ ಅಂತ."

"ತಿಳೀತಾ?"

"ಹತ್ತು ಗಂಟೆಗೇ ಪೂರ್ತಿ ತಿಳೀತು, ಬಾ. ಆದರೂ ಸಂಜೆವರೆಗೆ ಬಿಡಲ್ಲ."

ಭಜಿ

ಐದೂವರೆ ದಾಟಿದ ಮೇಲೆ ಮಗಳು ಹಾಸಿಗೆಗೆ ಒರಗಿದಳು. ತುಟಿ ಒಣಗಿತ್ತು. "ಸಾಕವ್ವಾ, ನೀರು ಕುಡಿ. ಸಣ್ಣವರಿಗೆ ಕಡ್ಡಾಯ ಇಲ್ಲ," ಎಂದು ಗೋಗರೆದೆ. ಅವಳು ಗೋಡೆಯ ಕಡೆ ತಿರುಗಿದಳು.

"ಇನ್ನ ಎಷ್ಟು ಹೊತ್ತು?"

"ಇನ್ನೊಂದು ತಾಸು."

ಆ ಒಂದು ತಾಸು ನಾನು ಕೂತಲ್ಲಿ ಕೂರಲಿಲ್ಲ. ಗ್ಯಾಲರಿಗೆ ಹೋಗಿ ಸೂರ್ಯನನ್ನು ನೋಡುವುದು, ಬಂದು ಮಗಳ ಹಣೆ ಮುಟ್ಟುವುದು, ಹೆಂಡತಿ ಭಜಿ ಕರಿಯುತ್ತಿದ್ದ ಒಲೆಯ ಹತ್ತಿರ ನಿಲ್ಲುವುದು, ಮತ್ತೆ ಗ್ಯಾಲರಿ. ಎಷ್ಟನೆಯ ಸುತ್ತೋ, ಹೆಂಡತಿ ಕರಿಯುವ ಝಾರಿ ಹಿಡಿದು ನನ್ನ ಮುಖ ದಿಟ್ಟಿಸಿದಳು.

"ಏನ ಅಗೀಲಿಕ್ಕತ್ತೀರಿ?"

ಒಂದು ಭಜಿ ಆಗಲೇ ಹೊಟ್ಟೆಗೆ ಹೋಗಿತ್ತು. ಇನ್ನೊಂದು ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ.

"ಮಮ್ಮೀ, ಪಪ್ಪಾ ತಿಂದಬಿಟ್ಟ!" ಏಳಲಾರದ ಮಗಳು ಎದ್ದು ಕೂತಿದ್ದಳು.

ಉಗಿದು, ಬಾಯಿ ತೊಳೆದು ತಲೆ ಹಿಡಿದು ಕೂತೆ. ಅಷ್ಟೂ ದಿನ ಒಂದೂ ರೋಜಾ ಬಿಡದೆ ಕಾಯ್ದುಕೊಂಡು ಬಂದದ್ದು! ಮೈಮೇಲೆ ಖಬರೇ ಇರಲಿಲ್ಲ ನನಗೆ. ಹೆಂಡತಿ ನಗು ತಡೆಯಲಾರದೆ ಹೇಳಿದಳು. "ಮರತು ತಿಂದ್ರ ರೋಜಾ ಮುರಿಯಂಗಿಲ್ಲ. ಅಲ್ಲಾನ ತಿನ್ನಿಸಿದ ಅಂತ ತಿಳಕೊಳ್ರಿ."

ಅಜಾನ್ ಆಯಿತು. ಮಗಳು ಖರ್ಜೂರ ತಿಂದು ನೀರು ಕುಡಿದಳು, ಮುಖಕ್ಕೆ ಕಳೆ ಬಂತು. ಆಮೇಲೆ ನಾನೂ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ. ಅವಳು ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು, ಕಿವಿಯಲ್ಲಿ ಕೇಳಿದಳು.

"ಪಪ್ಪಾ, ನನಗ ಇಡೀ ದಿನ ರೋಜಾ ಒಂದ ನಿಮಿಷಾನೂ ಮರೀಲಿಲ್ಲ. ನೀ ಅಷ್ಟ ಛಲೋ ಹೆಂಗ ಮರತಿ? ನನಗೂ ಕಲಿಸು."