ರಾಣಿಯ ಕಣ್ಣಿಗೆ ನನ್ನ ಮೂರು ಹನಿ

ಚನ್ನಗಿರಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಮೂವತ್ತು ವರ್ಷಗಳಿಂದ ಗೋಡೆಗೆ ಅಕ್ಷರದ ಬೋರ್ಡು ತೂಗುಹಾಕಿಕೊಂಡು, ಬಂದವರಿಂದ ಓದಿಸಿ, ನಂಬರ್ ಬರೆದು, ಕನ್ನಡಕ ಕೊಡುತ್ತಾ ಬಂದಿದ್ದೇನೆ. ಊರಿನವರು ನನ್ನನ್ನು ‘ಕಣ್ಣು ಡಾಕ್ಟ್ರು’ ಎನ್ನುತ್ತಾರೆ. ಹಾಗೆ ಕರೆಯಿರಿ ಎಂದು ನಾನು ಯಾರಿಗೂ ಹೇಳಿದವನಲ್ಲ. ಕರೆಯಬೇಡಿ ಎಂದೂ ಹೇಳಲಿಲ್ಲ, ಅಷ್ಟೆ! ಇಷ್ಟನ್ನೇ ಮಹಾಪರಾಧ ಮಾಡಿಕೊಂಡು ನನ್ನ ಹೆಂಡತಿ, ಭಾಮೈದ ಮತ್ತು ಅವನ ಓಣಿಯ ಸಮಸ್ತ ನಾಗರಿಕರು ಈಗ ಆಡಿಕೊಂಡು ನಗುತ್ತಿದ್ದಾರೆ. ಅವರ ಬಾಯಲ್ಲಿ ಕಥೆಗೆ ದಿನಕ್ಕೊಂದು ಬಾಲ ಬೆಳೆಯುತ್ತಿರುವುದರಿಂದ ನಡೆದದ್ದನ್ನು ನಾನೇ ಹೇಳಿಬಿಡುವುದು ವಾಸಿ.

ಅವತ್ತು ಭಾನುವಾರ. ಹೆಂಡತಿ ಗಿರಿಜಳ ತವರು ತ್ಯಾವಣಿಗೆಗೆ ಊಟಕ್ಕೆ ಹೋಗಿದ್ದೆವು. ನಾನು ಬಿಳಿ ಅಂಗಿ ಹಾಕಿದ್ದೆ. ಹೊಸದು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಭಾಮೈದ ಮಹೇಶನ ಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದಿತ್ತು. ಗೊಬ್ಬರವಾಗಲಿ ಎಂದು ಗದ್ದೆಯಲ್ಲಿ ಕುರಿಮಂದೆ ನಿಲ್ಲಿಸಿಕೊಂಡಿದ್ದ. ಬಿಳಿಚೋಡು ಕಡೆಯಿಂದ ಬಂದಿದ್ದ ಕುರಿಗಾರ ಕರಿಯಪ್ಪ, ಅವನ ಹೆಂಡತಿ ಹನುಮಕ್ಕ, ಒಂದು ಹಿಂಡು ಕುರಿ ಮತ್ತು ಎರಡು ಕುದುರೆ ಅಲ್ಲಿ ಬೀಡುಬಿಟ್ಟಿದ್ದವು.

ನನ್ನ ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಕರಿಯಪ್ಪ ಬಾಗಿಲಿಗೆ ಬಂದ.

“ಗೌಡ್ರೇ, ನಮ್ ರಾಣಿ ಒಂದು ಕಣ್ಣು ಬಿಡವಲ್ದು ನೋಡ್ರಿ. ಬೆಳಗಿಂದ ನೀರು ಸುರಿತಾನೇ ಐತೆ.”

ರಾಣಿ ಎಂದರೆ ಅವನ ಹೆಣ್ಣು ಕುದುರೆ. ಗುಡಾರ, ಪಾತ್ರೆ, ಬಲೆ, ನಡೆಯಲಾರದ ಎಳೆಯ ಮರಿಗಳು, ಎಲ್ಲ ಅದರ ಬೆನ್ನ ಮೇಲೇ. ಇನ್ನೊಂದು ಕುದುರೆ ಎಳೆಯದು, ಅದಕ್ಕಿನ್ನೂ ಹೊರೆ ಹೊತ್ತು ಗೊತ್ತಿಲ್ಲ. ಬುಧವಾರ ಮಂದೆ ಹೊನ್ನಾಳಿ ಕಡೆಗೆ ಹೊರಡಬೇಕಿತ್ತು.

“ಕಣ್ಣು ಹೋದ್ರೆ ಲಾರಿ ಓಡಾಡೋ ರೋಡಲ್ಲಿ ಇದನ್ನ ಹೆಂಗೆ ಹೊಡ್ಕಂಡು ಹೋಗಾದು? ಇದು ಇಲ್ಲ ಅಂದ್ರೆ ನಮಗೆ ಮನೆನೇ ಇಲ್ದಂಗೆ ಆಗ್ತೈತೆ,” ಎಂದ.

ಆಗ ಮಹೇಶ ಎದೆಯುಬ್ಬಿಸಿ, “ಯಾಕ್ ಹೆದರ್ತೀಯ ಮಾರಾಯ? ಕಣ್ಣು ಡಾಕ್ಟ್ರೇ ನಮ್ ಮನ್ಯಾಗೆ ಉಣ್ಣಾಕೆ ಕುಂತಾರೆ!” ಎಂದುಬಿಟ್ಟ. ಈ ಮಾತನ್ನು ಆಡಿದವನು ಅವನು. ನಾನಲ್ಲ! ಈಗ ಅವನೇ ಎಲ್ಲರಿಗಿಂತ ಜೋರಾಗಿ ನಗುತ್ತಾನೆ.

ಗಿರಿಜ ನನ್ನ ಮೊಣಕೈ ತಿವಿದಳು. “ರೀ, ಸುಮ್ನೆ ಉಣ್ರಿ. ಕುದುರೆ ವಿಚಾರ ನಿಮಗೇನ್ ಗೊತ್ತೈತೆ?”

“ಕಣ್ಣು ಅಂದ್ರೆ ಕಣ್ಣು ಕಣೇ. ನಮಗೂ ಎರಡು, ಅದಕ್ಕೂ ಎರಡು,” ಎಂದು ಕೈ ತೊಳೆದೆ. ಹೋಳಿಗೆ ಎಲೆಯಲ್ಲೇ ಉಳಿಯಿತು. ಪರೋಪಕಾರಕ್ಕೆ ನಾನು ತೆತ್ತ ಮೊದಲ ದಂಡ ಅದು.

ಗದ್ದೆಯಲ್ಲಿ ಸದರಿ ಕುದುರೆಯು ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಎಡಗಣ್ಣು ಬಿಗಿಯಾಗಿ ಮುಚ್ಚಿತ್ತು, ಕೆನ್ನೆಯುದ್ದಕ್ಕೂ ನೀರಿನ ಗೆರೆ. ನಾನು ರೆಪ್ಪೆಯನ್ನು ಬಿಡಿಸಲು ಬೆರಳು ಇಟ್ಟೆ. ಕುದುರೆಯ ರೆಪ್ಪೆಯಲ್ಲಿ ಅಷ್ಟು ಬಲ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅಂಗಡಿಯ ಶಟರ್ ಎಳೆಯುವುದು ಅದಕ್ಕಿಂತ ಸುಲಭ! ಸೋತೆನೆಂದು ತೋರಿಸಿಕೊಳ್ಳದೆ, “ವೈದ್ಯಕೀಯದಲ್ಲಿ ಮೊದಲು ಒಳ್ಳೆ ಕಣ್ಣು ನೋಡಬೇಕು, ಆಮೇಲೆ ಕೆಟ್ಟದ್ದು,” ಎಂದು ಘೋಷಿಸಿ ಬಲಗಡೆಗೆ ಹೋದೆ. ಮೊಬೈಲ್ ಟಾರ್ಚ್ ಹಾಕಿದೆ.

ನೋಡಿದವನಿಗೆ ಎದೆ ಧಸಕ್ಕೆಂದಿತು. ನಮ್ಮ ಪಾಪೆ ದುಂಡಗಿರುತ್ತದೆ. ಇದರದ್ದು ಅಡ್ಡಡ್ಡ ಮಲಗಿತ್ತು. ಹೋಗಲಿ ಅಂದರೆ, ಆ ಪಾಪೆಯ ಮೇಲಂಚಿನಿಂದ ಎಳ್ಳುಂಡೆಯ ಚೂರುಗಳಂತೆ ಕಪ್ಪು ಕಪ್ಪು ಗಂಟುಗಳು ಜೋತಾಡುತ್ತಿದ್ದವು!

“ಗಡ್ಡೆ!” ಎಂದೆ.

“ಏನ್ರೀ ಸಾರ್?” ಕರಿಯಪ್ಪನ ಮುಖ ಬಿಳುಚಿತು.

“ಕಣ್ಣೊಳಗೆ ಗಡ್ಡೆ ಬೆಳೆದಿದೆ. ಒಂದಲ್ಲ, ನಾಲ್ಕೈದು. ಒಳ್ಳೆ ಕಣ್ಣಲ್ಲೇ ಇಷ್ಟಿದ್ದರೆ ಕೆಟ್ಟ ಕಣ್ಣಲ್ಲಿ ಎಷ್ಟಿರಬೇಡ!”

ಹನುಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ರಾಣಿ ಮರಿಯಾಗಿದ್ದಾಗಿಂದ ಸಾಕಿದವಳು ಅವಳು. ಅವಳು ಅಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಏನಾದರೂ ಮಾಡಲೇಬೇಕೆಂದು ನಿಶ್ಚಯಿಸಿದ್ದು ಆಗಲೇ. ಸುಮ್ಮನೆ ಮನೆಗೆ ಹೋಗಿ ಹೋಳಿಗೆ ತಿನ್ನಬಹುದಿತ್ತು.

ನಮ್ಮ ಹಿಂದೆಯೇ ಗದ್ದೆಗೆ ಬಂದಿದ್ದ ಗಿರಿಜಳಿಗೆ ಪೊರೆಯ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು. ಆಗಿನ ಡ್ರಾಪ್ಸ್ ಬಾಟಲಿ ಅವಳ ಬ್ಯಾಗಿನಲ್ಲಿ ಇನ್ನೂ ಉಳಿದಿತ್ತು.

“ಇದು ಮನುಷ್ಯರ ಔಷಧಿ ಕಣ್ರೀ! ಅದೂ ಹಳೇದು!”

“ನಿನ್ನ ಕಣ್ಣು ವಾಸಿಯಾಗಲಿಲ್ಲವೇ?”

“ನಾನೇನ್ ಕುದುರೆನಾ?” ಎಂದು ಕೇಳಿದಳು. ಈ ಪ್ರಶ್ನೆಗೆ ಹಿಂಡಿನ ಮುಂದೆ ಉತ್ತರ ಕೊಡುವುದು ಗೃಹಶಾಂತಿಗೆ ಒಳ್ಳೆಯದಲ್ಲವೆಂದು ಬಾಟಲಿ ಕಸಿದುಕೊಂಡೆ.

ಕರಿಯಪ್ಪ ಹಗ್ಗ ಹಿಡಿದ, ಮಹೇಶ ರೆಪ್ಪೆ ಹಿಡಿದ. ಮೊದಲ ಹನಿ ಬಿಟ್ಟೆ. ರಾಣಿ ತಲೆ ಕೊಡವಿತು, ಹನಿ ಅದರ ಹಣೆಗೆ ಬಿತ್ತು. ಎರಡನೆಯದು ಮಹೇಶನ ಹೆಬ್ಬೆರಳಿಗೆ. ಮೂರನೆಯದಕ್ಕೆ ಬಗ್ಗಿ, ಗುರಿಯಿಟ್ಟು, ಉಸಿರು ಬಿಗಿಹಿಡಿದೆ. ಯಾರ ಕಣ್ಣಿಗಾದರೂ ಡ್ರಾಪ್ಸ್ ಹಾಕುವಾಗ ಹಾಕುವವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಇದು ಲೋಕಾರೂಢಿ. ರಾಣಿ ಮೂತಿಯಿಂದ ನನ್ನ ಕೈಯನ್ನು ಮೇಲಕ್ಕೆ ಎತ್ತಿತು. ಹನಿ ನೇರವಾಗಿ ನನ್ನ ಬಾಯಿಗೇ! ಕನ್ನಡಕ ಕುರಿಹಿಕ್ಕೆಯಲ್ಲಿ!

“ನುಂಗಬ್ಯಾಡ್ರಿ ಭಾವ, ಉಗುಳ್ರಿ!” ಎಂದು ಮಹೇಶ ಕೂಗಿದ. ಅಷ್ಟರಲ್ಲಿ ನುಂಗಿಯಾಗಿತ್ತು. ಕಹಿ.

ನಾಲ್ಕನೆಯ ಪ್ರಯತ್ನಕ್ಕೆ ಕನ್ನಡಕ ಒರೆಸಿಕೊಳ್ಳುತ್ತಿರುವಾಗ ಸ್ಕೂಟರಿನ ಸದ್ದು ಕೇಳಿಸಿತು. ಗಿರಿಜ ನನಗೆ ಹೇಳದೆ ಪಶುವೈದ್ಯೆಗೆ ಫೋನ್ ಮಾಡಿ ಗಡ್ಡೆಯ ವಿಷಯ ಹೇಳಿಬಿಟ್ಟಿದ್ದಳು! ಕಟ್ಟಿಕೊಂಡ ಹೆಂಡತಿಗೇ ನನ್ನ ಮೇಲೆ ನಂಬಿಕೆ ಇಲ್ಲ. ಪಕ್ಕದ ಊರಲ್ಲಿ ಯಾರದೋ ಹಸು ನೋಡಿ ವಾಪಸ್ ಹೊರಟಿದ್ದ ಡಾಕ್ಟರಮ್ಮ ನೇರ ಗದ್ದೆಗೇ ಬಂದಿದ್ದರು. ನಮ್ಮ ಮಗಳ ವಯಸ್ಸು.

“ಗಡ್ಡೆ ಐತೆ ಅಂದವರು ಯಾರು?” ಎಂದರು. ಎಲ್ಲರೂ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದರು. ಇಂಥ ಒಗ್ಗಟ್ಟನ್ನು ನಾನು ಆ ಊರಲ್ಲಿ ಬೇರೆ ಯಾವ ಕೆಲಸಕ್ಕೂ ಕಂಡಿಲ್ಲ.

“ಸಾರ್, ಅವು ಗಡ್ಡೆ ಅಲ್ಲ. ಎಲ್ಲಾ ಕುದುರೆಗೂ ಹುಟ್ಟಿನಿಂದ ಇರ್ತಾವೆ. ಬಿಸಿಲು ಕಣ್ಣಿಗೆ ಹೊಡೀದಂಗೆ ಒಂಥರ ನೆರಳು ಕೊಡ್ತಾವೆ.”

“ಮೂವತ್ತು ವರ್ಷದ ಅನುಭವ ನನ್ನದು!” ಎಂದೆ.

“ಎಷ್ಟು ಕುದುರೆ ಬಂದಿದ್ವು ಸಾರ್ ಅಂಗಡಿಗೆ?” ಎಂದು ಬಹಳ ವಿನಯದಿಂದ ಕೇಳಿ, ಎಳೆಯ ಕುದುರೆಯನ್ನು ಎದುರಿಗೆ ತರಿಸಿದರು. ಟಾರ್ಚ್ ಬಿಟ್ಟರು. ಅದರ ಕಣ್ಣಲ್ಲೂ ಅವೇ ಎಳ್ಳುಂಡೆ ಚೂರುಗಳು! ಪ್ರಕೃತಿ ಇಂಥ ಕೆಲಸ ಮಾಡುವಾಗ ಸಾರ್ವಜನಿಕರಿಗೆ ಒಂದು ತಿಳುವಳಿಕೆಯನ್ನಾದರೂ ಕೊಡಬೇಡವೇ? ಹನುಮಕ್ಕ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಅಳುತ್ತಿದ್ದಾಗಲೇ ಪರವಾಗಿರಲಿಲ್ಲ.

ಡಾಕ್ಟರಮ್ಮ ರಾಣಿಗೆ ಒಂದು ಇಂಜೆಕ್ಷನ್ ಕೊಟ್ಟರು. ಕುದುರೆ ತೂಕಡಿಸುತ್ತಾ ತಲೆ ಕೆಳಗಿಟ್ಟಿತು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ನನ್ನಿಂದಾಗದ ಆ ರೆಪ್ಪೆಯನ್ನು ಹೆಬ್ಬೆರಳಲ್ಲಿ ಸಲೀಸಾಗಿ ಎತ್ತಿದರು. ಬಣ್ಣದ ಕಾಗದದ ಪಟ್ಟಿಯೊಂದನ್ನು ತೋಯಿಸಿ ಕಣ್ಣಿಗೆ ತಾಗಿಸಿದರು. ನೀಲಿ ಟಾರ್ಚಿನಲ್ಲಿ ನೋಡಿದರೆ, ಕರಿಗುಡ್ಡೆಯ ಮೇಲೆ ಕಡಲೆಬೇಳೆಯಷ್ಟಗಲ ಹಸಿರು ಮಚ್ಚೆ ಹೊಳೆಯುತ್ತಿತ್ತು.

“ಇದು ಗಾಯ. ಒಳಗೆ ಏನೋ ಸಿಕ್ಕೊಂಡೈತೆ,” ಎಂದು ರೆಪ್ಪೆಯ ಮೂಲೆಯಿಂದ ಭತ್ತದ ಹುಲ್ಲಿನ ಚೂರೊಂದನ್ನು ಚಿಮಟದಿಂದ ಎತ್ತಿ ತೋರಿಸಿದರು. ನನ್ನ ನಾಲ್ಕೈದು ಗಡ್ಡೆಗಳ ಜಾಗದಲ್ಲಿ ಒಂದೇ ಒಂದು ಹುಲ್ಲುಕಡ್ಡಿ!

ಅಲ್ಲಿಗಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಸ್ವಲ್ಪ ಹೊತ್ತಿಗೆ ರಾಣಿಯ ಮೂಗಿನಿಂದ ಹಸಿರು ನೀರು ಇಳಿಯುವುದು ಕಂಡಿತು. “ಡಾಕ್ಟರೇ! ಮೆದುಳು ಸೋರುತ್ತಿದೆ!” ಎಂದು ಕಿರುಚಿದೆ.

“ಕಣ್ಣಿಗೆ ಹಾಕಿದ ಬಣ್ಣ ಸಾರ್ ಅದು. ಕಣ್ಣಿಂದ ಮೂಗಿಗೆ ದಾರಿ ಐತಲ್ಲ? ನೀವು ಅತ್ತಾಗ ಮೂಗು ಸೋರಲ್ವಾ?”

ಹೌದೇ ಎಂದು ಪರೀಕ್ಷಿಸಲು ಹತ್ತಿರ ಬಗ್ಗಿದೆ. ರಾಣಿ ಸೀನಿತು! ಬಿಳಿ ಅಂಗಿಯ ವಿಷಯ ಹೇಳಿದ್ದೆನಲ್ಲ, ಅದು ಅಲ್ಲಿಗೆ ಮುಗಿಯಿತು.

ಡಾಕ್ಟರಮ್ಮ ಮುಲಾಮು ಬರೆದುಕೊಟ್ಟು, ದಿನಕ್ಕೆ ಎಷ್ಟು ಸಲ ಹಚ್ಚಬೇಕೆಂದು ಕರಿಯಪ್ಪನಿಗೆ ಎರಡೆರಡು ಬಾರಿ ಹೇಳಿ, ವಾಸಿಯಾಗುವ ತನಕ ಇಲ್ಲಿಂದ ಕದಲಬೇಡ ಎಂದರು. ಆಗ ಅವರ ಕಣ್ಣಿಗೆ ನನ್ನ ಕೈಯಲ್ಲಿದ್ದ ಬಾಟಲಿ ಬಿತ್ತು. ಇಸಿದುಕೊಂಡು ಓದಿದರು. ಮುಖದ ನಗು ಹೋಯಿತು.

“ಇದು ಕಣ್ಣೊಳಗೆ ಬಿತ್ತಾ?”

“ಯಾಕೆ?”

“ಇದರಲ್ಲಿ ಸ್ಟೀರಾಯ್ಡ್ ಐತೆ. ಆಪರೇಷನ್ ಆದವರಿಗೆ ಡಾಕ್ಟ್ರು ನೋಡಿ ಕೊಡೋದು ಬೇರೆ. ಹಿಂಗೆ ಗಾಯ ಆದ ಕಣ್ಣಿಗೆ ಬಿದ್ರೆ ಗಾಯ ಮಾಯೋದಿಲ್ಲ, ಆಳಕ್ಕೆ ಇಳಿತೈತೆ. ಕಣ್ಣೇ ಹೋಗಬಹುದಿತ್ತು. ಹೇಳ್ರಿ ಸಾರ್, ಬಿತ್ತಾ?”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆ ಮೂಕಪ್ರಾಣಿಯನ್ನು ನಾನು ಕುರುಡು ಮಾಡಿಬಿಡುತ್ತಿದ್ದೆ, ಅದೂ ‘ಡಾಕ್ಟ್ರು’ ಎನಿಸಿಕೊಳ್ಳುವ ಆಸೆಗೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನನ್ನ ಪರವಾಗಿ ಸಾಕ್ಷಿ ಹೇಳಿದವನು ಮಹೇಶ.

“ಒಂದು ಹನಿನೂ ಬಿದ್ದಿಲ್ಲ ಮೇಡಂ! ಒಂದು ಅದರ ಹಣೆಗೆ, ಒಂದು ನನ್ನ ಬೆರಳಿಗೆ, ಒಂದು ಭಾವನ ಬಾಯಿಗೆ!”

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. “ಹಂಗಾದ್ರೆ ಈ ಕಣ್ಣು ಉಳಿದಿದ್ದು ನಿಮ್ಮಿಂದಲೇ ಸಾರ್,” ಎಂದರು.

ಕೆಲವು ವಾರ ಕಳೆದ ಮೇಲೆ ಕರಿಯಪ್ಪ ಅಂಗಡಿಗೆ ಬಂದ. ಸಂತೆಯ ದಿನ, ಗಿರಾಕಿಗಳು ತುಂಬಿದ್ದರು. ರಾಣಿಯ ಕಣ್ಣು ಪೂರ್ತಿ ವಾಸಿಯಾಗಿದೆ, ನಾಳೆ ಹೊನ್ನಾಳಿ ಕಡೆ ಹೊರಟಿದ್ದೇವೆ ಎಂದ. ಹೊರಡುವ ಮುಂಚೆ ನನ್ನನ್ನು ಕಾಣಲೆಂದೇ ಬಸ್ಸು ಹತ್ತಿ ಬಂದಿದ್ದನಂತೆ. ಎಲ್ಲರೆದುರು ಬಗ್ಗಿ ಎರಡೂ ಕೈ ಮುಗಿದ.

“ನಿಮ್ ಉಪಕಾರ ಮರಿಯಾಕೆ ಆಗಲ್ರೀ ಸಾರ್. ನಿಮ್ ಕೈಗೆ ಗುರಿ ಇದ್ದಿದ್ರೆ ನಮ್ ರಾಣಿ ಕಣ್ಣು ಹೋಗ್ತಿತ್ತು!”

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಗೇಲಿ ಮಾಡಿದ್ದರೆ ಬೈದು ಕಳಿಸಬಹುದಿತ್ತು. ಮೂವತ್ತು ವರ್ಷದಲ್ಲಿ ಎಷ್ಟೋ ಜನಕ್ಕೆ ಸರಿಯಾದ ಕನ್ನಡಕ ಕೊಟ್ಟಿದ್ದೇನೆ, ಒಬ್ಬರೂ ಹೀಗೆ ಕೈ ಮುಗಿದಿರಲಿಲ್ಲ. ಕೈ ಮುಗಿಸಿಕೊಂಡದ್ದು ಇದೊಂದೇ ಸಲ, ಅದೂ ಗುರಿ ತಪ್ಪಿದ್ದಕ್ಕೆ!