ಮೆಡಿಕಲ್ ಕಾಲೇಜಿಗೆ ಭಾವನ ಅಡ್ಮಿಷನ್

ನನ್ನ ಭಾವನಿಗೆ ಎಪ್ಪತ್ತು ದಾಟಿದ ಮೇಲೆ ಮೆಡಿಕಲ್ ಕಾಲೇಜಿಗೆ ಸೇರುವ ಹುಚ್ಚು ಹಿಡಿಯಿತು! ನಗಬೇಡಿ. ಮಕ್ಕಳಿಗೆ ಸೀಟು ಕೊಡಿಸಲು ಓಡಾಡಿ ಸುಸ್ತಾದ ಅಪ್ಪ ಅಮ್ಮಂದಿರು ಇದನ್ನು ಓದಿ ಹೊಟ್ಟೆ ಉರಿದುಕೊಳ್ಳುವುದೂ ಬೇಡ. ಎಂಟ್ರೆನ್ಸ್ ಪರೀಕ್ಷೆಯ ಗೋಜಿಲ್ಲದ, ಫೀಸಿನ ಕಾಟವಿಲ್ಲದ ಸೀಟು ಅದು. ಸತ್ತ ಮೇಲೆ ತಮ್ಮ ದೇಹವನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಕೊಡಬೇಕೆಂದು ಅವರು ತೀರ್ಮಾನಿಸಿದ್ದರು. ದೇಹದಾನ ಮಾಡುವವರು ಬೇಕಾದಷ್ಟು ಜನ ಇದ್ದಾರಲ್ಲ, ಇದರಲ್ಲೇನು ವಿಶೇಷ ಎನ್ನುತ್ತೀರಾ? ಅವರೆಲ್ಲ ಸಹಿ ಹಾಕಿ, ಕಾರ್ಡನ್ನು ಪಾಕೀಟಿನೊಳಗೆ ಸೇರಿಸಿ, ತಮ್ಮ ಪಾಡಿಗೆ ಬೋಂಡ ತಿನ್ನುತ್ತಾ ಬದುಕುತ್ತಾರೆ. ನಮ್ಮ ಭಾವನ ಕಥೆಯೇ ಬೇರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯಿಂದ ಮೀಸೆ ಮೂಡುವ ಮುಂಚೆಯೇ ಬಂದು, ಥಾಣೆ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ವೆಜಿಟೇರಿಯನ್ ಹೋಟೆಲು ನಡೆಸಿ, ಈಗ ಅದನ್ನು ಪಾರ್ಟ್ನರಿಗೆ ಬಿಟ್ಟು ಡೊಂಬಿವಲಿಯ ಮನೆಯಲ್ಲಿ ಅಕ್ಕನ ಜೊತೆ ವಿಶ್ರಾಂತಿಯಲ್ಲಿದ್ದಾರೆ. ಮಕ್ಕಳಿಲ್ಲ, ಇಬ್ಬರೇ. ಹೋಟೆಲಿನಲ್ಲಿ ಅವರು ಮೂಸಿ ನೋಡದ ಚಟ್ನಿ ಯಾವ ಗಿರಾಕಿಯ ಮುಂದೆಯೂ ಹೋದದ್ದಿಲ್ಲ. ಸಾಂಬಾರು ಒಂದಿಷ್ಟು ಹಳಸಲು ವಾಸನೆ ಹೊಡೆಯಿತೋ, ಪಾತ್ರೆಗೆ ಪಾತ್ರೆಯೇ ಮೋರಿಗೆ! ಈ ಅಭ್ಯಾಸ ಇನ್ನೂ ಹೋಗಿಲ್ಲ. ಐರೋಲಿಯ ನಮ್ಮ ಮನೆಗೆ ಬಂದಾಗ ನನ್ನ ಉಪ್ಪಿಟ್ಟನ್ನೂ ಮೂಸುತ್ತಾರೆ. ನಾನು ಗಂಡನ ಮುಖ ನೋಡಿ ಇನ್ನೊಂದು ಸೌಟು ಬಡಿಸುತ್ತೇನೆ.

ಈ ದೇಹದಾನದ ಹುಳ ಅವರ ತಲೆಗೆ ಹೊಕ್ಕಿದ್ದು ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆ ಸೇರಿದಾಗ. ಡ್ರೆಸಿಂಗ್ ಬದಲಿಸಲು ಬರುತ್ತಿದ್ದ ಕಿರಿಯ ಡಾಕ್ಟರನ್ನು ಭಾವ ಗಲ್ಲಾದ ಮೇಲೆ ಕೂತು ಹೊಸ ವೇಟರನ್ನು ವಿಚಾರಿಸುವ ಹಾಗೆ ವಿಚಾರಿಸಿದರು. ಎಲ್ಲಿ ಕಲಿತದ್ದು, ಹೇಗೆ ಕಲಿತದ್ದು, ಯಾರು ಕಲಿಸಿದ್ದು? ಆ ಹುಡುಗ ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಅಂಕಲ್, ಫಸ್ಟ್ ಇಯರ್ ಮೇ ಏಕ್ ಬಾಡಿ, ಔರ್ ಚಾರೋ ತರಫ್ ಪೂರಾ ಬ್ಯಾಚ್. ಮೈ ಪೀಛೇ ಖಡಾ ಥಾ. ಆಧಾ ಟೈಮ್ ದೋಸ್ತ್ ಕಾ ಕಂಧಾ ಹೀ ದೇಖಾ."

ಒಂದೇ ಹೆಣದ ಸುತ್ತ ಇಡೀ ಬ್ಯಾಚು, ಹಿಂದೆ ನಿಂತವನಿಗೆ ಕಂಡದ್ದು ಗೆಳೆಯನ ಹೆಗಲು ಎಂದು ಕೇಳಿದ್ದೇ ಭಾವ ಹಾಸಿಗೆಯಿಂದ ಎದ್ದು ಕೂತರು. ಹೊಲಿಗೆ ಬಿಚ್ಚೀತೆಂದು ಅಕ್ಕ ಕೂಗಿಕೊಂಡಳು.

"ಅಷ್ಟು ಗಿರಾಕಿಗೆ ಒಂದೇ ಟೇಬಲಾ?" ಎಂದರು ನನ್ನ ಕಡೆ ತಿರುಗಿ. ಮುಂದಿನ ಕ್ಷಣದಲ್ಲಿ ಅವರ ಬಣ್ಣವೇ ಇಳಿಯಿತು. "ಹಾಗಾದ್ರೆ ನನ್ನ ಹೊಟ್ಟೆ ಕೊಯ್ದದ್ದು ಯಾರು ಮಾರಾಯ್ತಿ? ಎದುರು ನಿಂತವನಾ, ಹಿಂದೆ ನಿಂತವನಾ?"

ಅಂದಿನಿಂದ ಶುರು. ಪೇಪರಿನಲ್ಲಿ ಹೊಸ ಮೆಡಿಕಲ್ ಕಾಲೇಜಿನ ಸುದ್ದಿ ಬಂದರೆ ಸಾಕು, ನನಗೆ ಫೋನು. "ಸೀಟು ಹೆಚ್ಚು ಮಾಡಿದ್ರಂತೆ. ಸೀಟು ಮಾಡ್ಲಿಕ್ಕೆ ಸರ್ಕಾರಕ್ಕೆ ಒಂದು ಸಹಿ ಸಾಕು. ಕಲೀಲಿಕ್ಕೆ ದೇಹ ಎಲ್ಲಿಂದ ತರ್ತಾರೆ? ಕಂಪ್ಯೂಟರಿನಲ್ಲಿ ತೋರಿಸ್ತಾರಂತೆ. ದೋಸೆಯ ವಿಡಿಯೋ ನೋಡಿ ದೋಸೆ ಹೊಯ್ಲಿಕ್ಕೆ ಬರ್ತದಾ?" ಬರುವುದಿಲ್ಲ ಎಂದು ನಾನು ಸ್ವಂತ ಅನುಭವದಿಂದಲೇ ಒಪ್ಪಿಕೊಂಡೆ.

ವಿಚಾರಿಸಲು ಥಾಣೆ ಕಡೆಯ ಒಂದು ಮೆಡಿಕಲ್ ಕಾಲೇಜಿಗೆ ಹೋಗಿ ಬಂದರು. ಎಲ್ಲ ಸರಿಯಿತ್ತು, ಅಡ್ಡಿ ಒಂದೇ. ಹತ್ತಿರದ ಸಂಬಂಧಿಯ ಒಪ್ಪಿಗೆಯ ಸಹಿ ಬೇಕು. ಹತ್ತಿರದವರೆಂದರೆ ಅಕ್ಕ. ಅಕ್ಕ ಏನೆಂದಳು?

"ಆಗುವುದಿಲ್ಲ."

"ಯಾಕೆ?"

"ನಾನು ಕೈ ಹಿಡಿದದ್ದು ನಿಮ್ಮನ್ನು. ಕಾಲೇಜಿಗೆ ಕೊಡ್ಲಿಕ್ಕೆ ಅಲ್ಲ."

ಇಷ್ಟು ಹೇಳಿ ಅವಳು ಕುಕ್ಕರ್ ಮುಚ್ಚಿದಳು. ಅವಳು ಕುಕ್ಕರ್ ಮುಚ್ಚಿದರೆ ಚರ್ಚೆಯೂ ಮುಚ್ಚಿತೆಂದೇ ಅರ್ಥ. ಆದರೆ ಭಾವ ಹೋಟೆಲಿನವರು. ಇಂದು ಬೇಡವೆಂದ ಗಿರಾಕಿ ನಾಳೆ ಬಂದಾನು, ನಮ್ಮ ಮಾಲು ಮಾತ್ರ ಚೆನ್ನಾಗಿರಬೇಕು ಎಂಬ ನಂಬಿಕೆ ಅವರದು. ಅಕ್ಕನ ಸಹಿ ಬರುವವರೆಗೆ ಮಾಲನ್ನು ಸುಸ್ಥಿತಿಯಲ್ಲಿಡಲು ಹೊರಟರು.

ಅವರಿಗೆ ಸಕ್ಕರೆ ಕಾಯಿಲೆ. ಚಹಾಕ್ಕೆ ಸಕ್ಕರೆ ಬಿಡಿ ಎಂದು ಅಕ್ಕ ಅತ್ತು ಕರೆದು ಹೇಳಿದ್ದಳು, ಡಾಕ್ಟರರು ಹೆದರಿಸಿದ್ದರು, ನಾನು ವಾಟ್ಸಾಪಿನಲ್ಲಿ ಕಿಡ್ನಿಯ ಚಿತ್ರಗಳನ್ನೇ ಕಳಿಸಿದ್ದೆ. ಏನೂ ನಾಟಿರಲಿಲ್ಲ. ಈಗ ಒಂದೇ ಏಟಿಗೆ ಬಿಟ್ಟರು! ಶಿರಾ ಕೊಟ್ಟರೆ ತಟ್ಟೆ ಹಿಂದಕ್ಕೆ ತಳ್ಳಿ, "ಬೇಡ, ಈ ಕಿಡ್ನಿ ನನ್ನದಲ್ಲ, ಕಾಲೇಜಿನ ಮಕ್ಕಳದ್ದು" ಎನ್ನುತ್ತಾರೆ. ಬೆಳಗ್ಗೆ ವಾಕಿಂಗ್, ಸಂಜೆ ಪ್ರಾಣಾಯಾಮ. ದಂತವೈದ್ಯರ ಬಳಿ ಹೋಗಿ ಹಲ್ಲು ತಿಕ್ಕಿಸಿಕೊಂಡು ಬಂದರು. ಬಾಯಿ ತೆರೆದಾಗ ಮಕ್ಕಳಿಗೆ ಬೇಸರವಾಗಬಾರದಂತೆ! ರಕ್ತಪರೀಕ್ಷೆಯ ರಿಪೋರ್ಟು ನೋಡಿದ ಡಾಕ್ಟರು ಎದ್ದು ನಿಂತು ಕೈ ಕುಲುಕಿದರು.

"ನಾನು ಹೇಳಿದ್ರೆ ಕೇಳ್ಲಿಲ್ಲ. ಯಾವುದೋ ಹುಡುಗರು ಕೊಯ್ಲಿಕ್ಕೆ ಬರ್ತಾರೆ ಅಂತ ಪಥ್ಯ ಮಾಡ್ತಾರೆ!" ಎಂದು ಅಕ್ಕ ನನ್ನ ಹತ್ತಿರ ದೂರಿದಳು. ದೂರಿನ ಮಧ್ಯೆ ಒಂದು ಸಣ್ಣ ನಗುವೂ ಇತ್ತು. ಎಷ್ಟೆಂದರೂ ಗಂಡನ ಸಕ್ಕರೆ ಇಳಿದಿತ್ತಲ್ಲ.

ಇನ್ನು ಲೋಕಲ್ ಟ್ರೇನಿನ ವಿಷಯ. ಭಾವ ಜೀವಮಾನವಿಡೀ ಡೊಂಬಿವಲಿಯಿಂದ ಫಾಸ್ಟ್ ಗಾಡಿಯ ಬಾಗಿಲಲ್ಲಿ ನೇತಾಡಿಕೊಂಡೇ ಹೋಗಿ ಬಂದವರು. ಅವಸರವಿದ್ದರೆ ಹಳಿಯನ್ನೇ ದಾಟುವವರು. ಆದರೆ ಅಪಘಾತದಲ್ಲಿ ಸತ್ತರೆ ಪೋಸ್ಟ್‌ಮಾರ್ಟಂ ಆಗುತ್ತದೆ, ಅಂಥ ದೇಹವನ್ನು ತೆಗೆದುಕೊಳ್ಳುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಮುಗಿಯಿತು! ಈಗ ಸೇತುವೆ ಹತ್ತಿ ಇಳಿಯುತ್ತಾರೆ. ಗಾಡಿ ಪೂರ್ತಿ ನಿಂತ ಮೇಲೆಯೇ ಕಾಲೆತ್ತುತ್ತಾರೆ. ಬಾಗಿಲಲ್ಲಿ ನೇತಾಡುವ ಹುಡುಗರನ್ನು ಕಂಡರೆ, "ಅಂದರ್ ಆ ಜಾ ಬೇಟಾ, ಮಾಲ್ ಖರಾಬ್ ಹೋ ಜಾಯೇಗಾ" ಎಂದು, ಮಾಲು ಕೆಟ್ಟೀತೆಂಬ ಕಾಳಜಿಯಲ್ಲಿ ಒಳಗೆ ಎಳೆದುಕೊಳ್ಳುತ್ತಾರೆ. ಆ ಹುಡುಗರು ಈ ಮುದುಕರಿಗೆ ಏನಾಗಿದೆ ಎಂಬಂತೆ ನೋಡಿ ಒಳಗೆ ಸರಿಯುತ್ತಾರೆ.

ಈ ನಡುವೆ ಪಿತ್ತಕೋಶದಲ್ಲಿ ಕಲ್ಲಾಯಿತು. ಪಿತ್ತಕೋಶವನ್ನೇ ತೆಗೆಯಬೇಕೆಂದರು ಸರ್ಜನ್. ನಾನೂ ಜೊತೆಗಿದ್ದೆ.

"ತೆಗೆದ್ರೆ ಒಂದು ಐಟಂ ಕಮ್ಮಿ ಆಗ್ತದಲ್ಲ ಡಾಕ್ಟ್ರೆ?" ಎಂದರು ಭಾವ.

"ಯಾರಿಗೆ ಕಮ್ಮಿ?" ಎಂದು ಸರ್ಜನ್ ಕಣ್ಣು ಪಿಳುಕಿಸಿದರು. ಅವರು ಹುಬ್ಬಳ್ಳಿಯವರು, ಇಂಥ ಮಾತಿಗೆಲ್ಲ ಸುಲಭಕ್ಕೆ ಬಗ್ಗುವವರಲ್ಲ. ವಿಷಯ ತಿಳಿದ ಮೇಲೆ ಗಂಭೀರವಾಗಿ ಹೇಳಿದರು: "ಹಿರಿಯರ, ಅದಿಲ್ಲದ ಮನಷ್ಯಾ ಹೆಂಗ ಬದಕ್ತಾನ ಅನ್ನೋದೂ ಹುಡುಗರು ಕಲೀಬೇಕಲ್ರೀ? ನೀವು ಸ್ಪೆಷಲ್ ಕೇಸ್ ಆಗ್ತೀರಿ."

ಸ್ಪೆಷಲ್! ಭಾವ ಅಂದೇ ಅಡ್ಮಿಟ್ ಆದರು. ಆಪರೇಷನ್ ಥಿಯೇಟರಿಗೆ ಸಂತೋಷದಿಂದ ಹೋದವರನ್ನು ನಾನು ಕಂಡದ್ದು ಅದೇ ಮೊದಲು.

ಎಲ್ಲಕ್ಕಿಂತ ಮೇಲಿನದು ಡೆಲಿವರಿಯ ರಿಹರ್ಸಲ್. ದೇಹವನ್ನು ಬೇಗ ತಲುಪಿಸಬೇಕು, ತಡವಾದರೆ ಉಪಯೋಗವಿಲ್ಲ ಎಂದು ಕಾಲೇಜಿನಲ್ಲಿ ಹೇಳಿದ್ದರು. ಬಿಸಿ ಇಡ್ಲಿ ತಣ್ಣಗಾಗುವ ಮೊದಲು ಗಿರಾಕಿಗೆ ಮುಟ್ಟಿಸಿದವರು ಸುಮ್ಮನಿರುತ್ತಾರೆಯೇ? ಒಂದು ಸೋಮವಾರ ಬೆಳಗ್ಗೆ ನನ್ನನ್ನು ಡೊಂಬಿವಲಿಗೆ ಕರೆಸಿ, ರಿಕ್ಷಾದಲ್ಲಿ ಕೂರಿಸಿಕೊಂಡು ಕಾಲೇಜಿನ ಕಡೆ ಹೊರಟರು. ಕಲ್ಯಾಣ-ಶೀಲ್ ರಸ್ತೆ ಗೊತ್ತಲ್ಲ? ಆ ರಸ್ತೆಯಲ್ಲಿ ಬದುಕಿರುವವರೇ ಹೊತ್ತಿಗೆ ಸರಿಯಾಗಿ ಎಲ್ಲೂ ತಲುಪುವುದಿಲ್ಲ! ಭಾವ ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, ಕೈ ಎದೆಯ ಮೇಲಿಟ್ಟುಕೊಂಡರು. ರಿಕ್ಷಾದವನು ಕನ್ನಡಿಯಲ್ಲಿ ನೋಡಿ ಗಾಬರಿಯಾದ.

"ಪೇಷಂಟ್ ಸೀರಿಯಸ್ ಹೈ ಕ್ಯಾ?"

ಭಾವ ಒಂದು ಕಣ್ಣು ತೆರೆದರು. "ಅಭೀ ನಹೀಂ. ರಿಹರ್ಸಲ್ ಹೈ. ತುಮ್ ಚಲಾವ್."

ಸದ್ಯಕ್ಕಿಲ್ಲ, ಇದು ಬರೀ ರಿಹರ್ಸಲ್ ಎಂದು ಕೇಳಿದ್ದೇ ಅವನು ಸೀದಾ ಮುಂದಿನ ತಿರುವಿನಲ್ಲಿ ನಿಲ್ಲಿಸಿ, ಬೇರೆ ರಿಕ್ಷಾ ಹಿಡಿಯಿರಿ ಎಂದ. ನಾನು ಮುಖ ಮುಚ್ಚಿಕೊಂಡು ಇಳಿದೆ. ಭಾವ ಮಾತ್ರ ಅಲ್ಲೇ ರಸ್ತೆ ಬದಿಯಲ್ಲಿ ನಿಂತು, ಆಫೀಸಿಗೆ ಹೋಗುವ ಹೊತ್ತಿನಲ್ಲಿ ಸಾಯಬಾರದು, ಗಣಪತಿ ವಿಸರ್ಜನೆಯ ದಿನ ಅಂತೂ ಸಾಯಲೇಬಾರದು, ಭಾನುವಾರ ಮಧ್ಯಾಹ್ನ ಉತ್ತಮ ಎಂದು ತೀರ್ಮಾನಿಸಿದರು.

ಎಲ್ಲ ತಯಾರಾಯಿತು. ಸಹಿ ಮಾತ್ರ ಬರಲಿಲ್ಲ. ಮಾತು ಎತ್ತಿದರೆ ಅಕ್ಕ ಕರ್ಮಾಂತರದ ಅಡ್ಡಿ ಹೇಳುತ್ತಿದ್ದಳು. ದೇಹವನ್ನು ಸುಡದೆ ಹನ್ನೊಂದು ಹನ್ನೆರಡನೆಯ ದಿನದ ಕ್ರಿಯೆ ಮಾಡುವುದು ಹೇಗೆ? ಕೊನೆಗೆ ಕಲ್ಯಾಣದ ಭಟ್ಟರನ್ನೇ ಕೇಳೋಣವೆಂದು ನನ್ನನ್ನು ಕರೆದುಕೊಂಡು ಹೋದಳು. ಅವರು ಕೂಡದು ಎನ್ನುವುದು ಖಂಡಿತ ಎಂಬ ಧೈರ್ಯ ಅವಳಿಗೆ.

ಭಟ್ಟರು ಎಲ್ಲ ಕೇಳಿ ತಲೆ ಆಡಿಸಿದರು. "ದೇಹ ಇಲ್ಲದಿದ್ರೂ ದರ್ಭೆಯಲ್ಲಿ ಮಾಡ್ಲಿಕ್ಕೆ ಬರ್ತದಮ್ಮ. ಅದಕ್ಕೆ ಕ್ರಮ ಉಂಟು." ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು. "ಅಲ್ಲ, ನನಗೆ ಬಿಪಿ ಉಂಟು. ತಗೊಳ್ತಾರಾ?"

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ನೇರ ಸ್ಟೇಷನ್ನಿಗೆ ನಡೆದಳು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಬನಿಯನ್ ಇಲ್ಲದೆ ಬಾಲ್ಕನಿಗೆ ಹೋಗುವವರಲ್ಲ ಇವರು. ಅಷ್ಟು ಜನರ ಎದುರು ಹೇಗೆ ಮಲಗ್ತಾರೆ? ಇವರಿಗೆ ನಾಚಿಕೆ ಆಗ್ತದೆ ಅಂತ ಅಲ್ಲಿ ಯಾರಿಗೆ ಗೊತ್ತುಂಟು, ಹೇಳು?"

ಹಾಗಾದರೆ ಕಾಲೇಜಿಗೇ ಹೋಗಿ ಕೇಳೋಣ ಎಂದೆ. ಅವಳು ಹೂಂ ಎಂದಳು.

ಮೂವರೂ ಹೋದೆವು. ಭಾವ ಮದುಮಗನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಶರೀರಶಾಸ್ತ್ರ ವಿಭಾಗದ ಡಾಕ್ಟರ್ ಮೇಡಂ ಮರಾಠಿಯವರು, ನಿಧಾನದ ಹೆಂಗಸು. ನಾನು ನಡುವೆ ಕೂತು ಅಕ್ಕನ ಪ್ರಶ್ನೆಗಳನ್ನು ಹಿಂದಿಗೆ ತಿರುಗಿಸಿದೆ.

"ಅಲ್ಲಿ ಎಸಿ ಇರ್ತದಾ ಕೇಳು. ಇವರಿಗೆ ಎಸಿ ಆಗುವುದಿಲ್ಲ."

ಭಾವ ತಲೆ ತಗ್ಗಿಸಿದರು. ಮೇಡಂ ನಗಲಿಲ್ಲ. ಹೊದಿಸಿಯೇ ಇಡುತ್ತೇವೆ, ಅಂದಂದು ಕಲಿಯುವ ಭಾಗವನ್ನಷ್ಟೇ ತೆರೆಯುತ್ತೇವೆ, ಮೊದಲ ದಿನ ಮಕ್ಕಳೆಲ್ಲ ನಿಂತು ಕೈ ಮುಗಿದು ಮರ್ಯಾದೆಯಿಂದ ನಡೆದುಕೊಳ್ಳುತ್ತೇವೆಂದು ಮಾತು ಕೊಡುತ್ತಾರೆ ಎಂದು ವಿವರಿಸಿದರು. ಅಕ್ಕ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡಳು. ಆಮೇಲೆ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಭಾವನ ಮುಖ ನೋಡಬೇಕಿತ್ತು! ಹೋಟೆಲಿನ ಉದ್ಘಾಟನೆಯ ದಿನವೂ ಅಷ್ಟು ಅರಳಿರಲಿಲ್ಲವೇನೋ.

"ಇನ್ನೊಂದು ಫಾರ್ಮ್ ಕೊಡ್ಲಿಕ್ಕೆ ಹೇಳು" ಎಂದಳು ಅಕ್ಕ.

"ಯಾರಿಗೆ?"

"ನನಗೆ. ಇವರಿಗೆ ಒಬ್ಬರೇ ಇದ್ದು ಅಭ್ಯಾಸ ಇಲ್ಲ."

ಮೇಡಂ ಇನ್ನೊಂದು ಫಾರ್ಮ್ ತುಂಬಿಸಿ ಭಾವನ ಮುಂದೆ ಸರಿಸಿದರು. ಹತ್ತಿರದ ಸಂಬಂಧಿ ಈಗ ಅವರೇ. ಊರಿಗೆಲ್ಲ ದೇಹದಾನದ ಉಪದೇಶ ಮಾಡಿದ ಮಹಾನುಭಾವರು ಪೆನ್ನು ಹಿಡಿದರು, ಕಾಗದಕ್ಕೆ ಮುಟ್ಟಿಸಿದರು, ಅಲ್ಲೇ ನಿಂತರು. ಪೆನ್ನು ಕೆಳಗಿಟ್ಟರು.

"ಇಸ್ಕಾ ನಹೀಂ, ಮೇಡಂ."

"ಅವಳದ್ದು ಯಾಕೆ ಬೇಡ ಭಾವ?" ಎಂದೆ ನಾನು.

"ಅವಳಿಗೆ ಇಂಜೆಕ್ಷನ್ ಅಂದ್ರೆ ಹೆದರಿಕೆ. ಮುಖ ಆಚೆ ತಿರುಗಿಸಿ ನನ್ನ ಕೈ ಹಿಡ್ಕೊಳ್ತಾಳೆ. ಅಲ್ಲಿ ಬ್ಲೇಡು ಎಲ್ಲ..." ಎಂದರು. ಇಸ್ತ್ರಿ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡರು. ನನ್ನ ಭಾವ ಅಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಕ್ಕ ಮೆಲ್ಲನೆ ಅವರ ಬೆನ್ನ ಮೇಲೆ ಕೈಯಿಟ್ಟಳು. "ನನಗೂ ಹೀಗೇ ಆಗಿತ್ತು ಮಾರಾಯ್ರೆ, ಇಷ್ಟು ದಿನ" ಎಂದಳು. ಮೇಡಂಗೆ ಅದನ್ನು ನಾನು ಹಿಂದಿಯಲ್ಲಿ ಹೇಳಬೇಕಾಗಲಿಲ್ಲ. ಅವರು ಅಕ್ಕನ ಫಾರ್ಮನ್ನು ಮಡಚಿ ಅವಳ ಕೈಗೆ ಕೊಟ್ಟು, ಅವಸರವೇನಿಲ್ಲ ಎಂದು ಮೂವರಿಗೂ ಚಹಾ ತರಿಸಿದರು.

ಥಾಣೆಯಿಂದ ಸ್ಲೋ ಗಾಡಿ ಹಿಡಿದೆವು. ಅಕ್ಕನ ಮನೆಯಲ್ಲೇ ಊಟವೆಂದು ನಾನೂ ಐರೋಲಿಯ ಗಾಡಿ ಬಿಟ್ಟು ಅವರ ಜೊತೆ ಹೊರಟಿದ್ದೆ. ಮಧ್ಯಾಹ್ನದ ಹೊತ್ತು, ಬೋಗಿ ಹೆಚ್ಚುಕಡಿಮೆ ಖಾಲಿ. ಮುಂಬ್ರಾ ಬರುವಷ್ಟರಲ್ಲಿ ಅಕ್ಕ ಭಾವನ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋದಳು. ಎಷ್ಟು ದಿನದ ನಿದ್ದೆ ಬಾಕಿಯಿತ್ತೋ ಪಾಪ. ಭಾವ ಅಲುಗಾಡದೆ ಕೂತಿದ್ದರು. ಡೊಂಬಿವಲಿ ಬಂತು. ನಾನು ಚೀಲ ಎತ್ತಿಕೊಂಡು ಅವಳನ್ನು ಎಬ್ಬಿಸಲು ಕೈ ಚಾಚಿದೆ. ಭಾವ ನನ್ನ ಕೈ ತಡೆದರು.

"ಕೂತ್ಕೋ. ಮುಂದೆ ಕಲ್ಯಾಣದವರೆಗೆ ಹೋಗಿ ಬರುವ" ಎಂದರು ಪಿಸುದನಿಯಲ್ಲಿ.

"ನಮ್ಮ ಟಿಕೆಟ್ ಇಲ್ಲಿಯವರೆಗೆ ಮಾತ್ರ ಭಾವ."

"ಇರ್ಲಿ. ಅವಳು ಮಲಗ್ಲಿ."

ಗಾಡಿ ಹೊರಟಿತು.